ಸಿವಿಲ್ ಎಂಜಿನಿಯರಿಂಗ್ ಓದುವವರಿಗೆ ದುಡ್ಡಿನ ಲೆಕ್ಕ, ಜನರ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ಹನ್ನೊಂದು ವರ್ಷ ಸೈಟಿನಲ್ಲಿ ದುಡಿದು ಆಮೇಲೆ ಪಾಠ ಹೇಳಲು ಬಂದವನು ನಾನು. ಸಿವಿಲ್ ಓದುವ ಮಕ್ಕಳಿಗೆ ವ್ಯವಹಾರವನ್ನೂ ನಿರ್ವಹಣೆಯನ್ನೂ ಕಲಿಸಬೇಕು ಎಂದು ಎಲ್ಲಿ ಮಾತಾಡಿದರೂ ವಿದ್ಯಾರ್ಥಿಗಳು, ಅವರ ಅಪ್ಪ ಅಮ್ಮಂದಿರು, ಜೊತೆಯ ಮೇಷ್ಟ್ರುಗಳು ಕೆಳಗಿನ ಪ್ರಶ್ನೆಗಳನ್ನೇ ಕೇಳುತ್ತಾರೆ. ಬಾಯಲ್ಲಿ ಹೇಳುತ್ತಾ ಬಂದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ವ್ಯವಹಾರ ಕಂಟ್ರಾಕ್ಟರನ ಕೆಲಸ. ಎಂಜಿನಿಯರ್‌ಗೆ ಯಾಕೆ?

ಒಂದು ಘನ ಮೀಟರ್ 1:1.5:3 (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟಿಗೆ ಎಷ್ಟು ಸಿಮೆಂಟ್ ಬೇಕು ಎಂದು ಕೇಳಿ. ಮೂರನೇ ವರ್ಷದ ಯಾವ ಹುಡುಗನಾದರೂ ಸುಮಾರು 8 ಚೀಲ ಅನ್ನುತ್ತಾನೆ. ಆ 8 ಚೀಲಕ್ಕೆ ಇವತ್ತು ಕೊಟ್ಟ ದುಡ್ಡು ಯಾವ ತಿಂಗಳು ಕೈಗೆ ವಾಪಸ್ ಬರುತ್ತದೆ ಎಂದು ಕೇಳಿದರೆ ಇಡೀ ತರಗತಿ ಸುಮ್ಮನಾಗುತ್ತದೆ. ಸೈಟಿನಲ್ಲಿ ಕೆಲಸ ನಿಲ್ಲುವುದು ಹೆಚ್ಚಾಗಿ ಈ ಎರಡನೇ ಪ್ರಶ್ನೆಯಿಂದ. ಬೀಮಿನ ಡಿಸೈನ್ ತಪ್ಪಿ ಕೆಲಸ ನಿಂತದ್ದನ್ನು ಹನ್ನೊಂದು ವರ್ಷದಲ್ಲಿ ಒಂದೇ ಸಲ ಕಂಡೆ. ಕಂಬಿ ಬರಲಿಲ್ಲ, ಬಿಲ್ ಆಗಲಿಲ್ಲ, ಬಟವಾಡೆ ತಪ್ಪಿತು ಎಂದು ನಿಂತದ್ದಕ್ಕೆ ಲೆಕ್ಕ ಇಟ್ಟಿಲ್ಲ.

ನಮ್ಮ ನಾಡಿನ ಎಂಜಿನಿಯರುಗಳಿಗೆ ಇದು ಹೊಸ ಮಾತೂ ಅಲ್ಲ. ವಿಶ್ವೇಶ್ವರಯ್ಯನವರು 1909ರಲ್ಲಿ ಮೈಸೂರಿನ ಚೀಫ್ ಎಂಜಿನಿಯರ್ ಆದರು, 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಆ ಕಟ್ಟೆಯ ಹಿಂದೆ ಗದ್ದೆಗೆ ನೀರು ಕೊಡುವ ಲೆಕ್ಕದ ಜೊತೆ ಇನ್ನೊಂದು ಲೆಕ್ಕವೂ ಇತ್ತು. 1902ರಿಂದ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. ಬೇಸಿಗೆಯಲ್ಲೂ ಹೊಳೆಯಲ್ಲಿ ನೀರು ಸಾಲುವಂತಾದರೆ ಗಣಿಗೆ ಮಾರುವ ವಿದ್ಯುತ್ತೂ ಸ್ಥಿರ, ಸಂಸ್ಥಾನದ ಆದಾಯವೂ ಸ್ಥಿರ. ದಿವಾನರಾದ ಮರುವರ್ಷ, 1913ರಲ್ಲಿ, ಅವರು ಮೈಸೂರು ಬ್ಯಾಂಕ್ ಸ್ಥಾಪನೆಗೆ ಕಾರಣರಾದರು. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಬಂದದ್ದು 1917ರಲ್ಲಿ, ಬ್ಯಾಂಕಿನ ನಂತರ. ಸೆಪ್ಟೆಂಬರ್ 15 ಬಂತೆಂದರೆ ನಾವು ಅವರ ಫೋಟೋಗೆ ಹಾರ ಹಾಕುತ್ತೇವೆ. ಅವತ್ತು ಒಂದು ಗಂಟೆ ಈ ಆದಾಯದ ಲೆಕ್ಕವನ್ನೂ ಮಕ್ಕಳ ಕೈಯಲ್ಲಿ ಮಾಡಿಸಬೇಕು ಎಂಬುದು ನನ್ನ ಆಸೆ.

ಪಠ್ಯದಲ್ಲಿ ಈಗಾಗಲೇ ಮ್ಯಾನೇಜ್‌ಮೆಂಟ್ ವಿಷಯ ಇದೆಯಲ್ಲ?

ಇದೆ. ವಿಟಿಯುವಿನ, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ, 2018ರ ಸ್ಕೀಮಿನಲ್ಲಿ ಐದನೇ ಸೆಮಿಸ್ಟರಿಗೆ ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಅಂಡ್ ಎಂಟರ್‌ಪ್ರೆನ್ಯೂರ್‌ಶಿಪ್, ಏಳನೆಯದಕ್ಕೆ ಕ್ವಾಂಟಿಟಿ ಸರ್ವೇಯಿಂಗ್ ಮತ್ತು ಕಾಂಟ್ರಾಕ್ಟ್ ಮ್ಯಾನೇಜ್‌ಮೆಂಟ್ ಇದ್ದವು. ವಿಷಯ ಇಲ್ಲ ಎಂಬುದು ನನ್ನ ದೂರಲ್ಲ. ಅದನ್ನು ಉಳಿದ ಸಿವಿಲ್‌ನಿಂದ ಬೇರ್ಪಡಿಸಿ, ವ್ಯಾಖ್ಯಾನಗಳ ಪಟ್ಟಿ ಮಾಡಿ, ಬಾಯಿಪಾಠ ಮಾಡಿಸುತ್ತೇವಲ್ಲ, ತೊಂದರೆ ಅಲ್ಲಿದೆ. ನಿರ್ವಹಣೆ ಕುರಿತ ಫಯೋಲನ 14 ತತ್ವಗಳನ್ನು ಮಕ್ಕಳು ಕ್ರಮ ತಪ್ಪದೆ ಬರೆಯುತ್ತಾರೆ. ಆ ಫಯೋಲ್ ಸ್ವತಃ ಗಣಿ ಎಂಜಿನಿಯರ್, ವರ್ಷಗಟ್ಟಲೆ ಗಣಿ ಕಂಪನಿ ನಡೆಸಿ ಕಂಡದ್ದನ್ನು ಬರೆದವನು ಎಂದು ಯಾರೂ ಅವರಿಗೆ ಹೇಳಿರುವುದಿಲ್ಲ.

ಹಾಗಾಗಿ ಹೊಸ ಪೇಪರ್ ಸೇರಿಸಿ ಎಂದು ನಾನು ಕೇಳುವುದಿಲ್ಲ. ಎಸ್ಟಿಮೇಷನ್ ಪಾಠದಲ್ಲಿ ಒಂದು ಮನೆಯ ಎಸ್ಟಿಮೇಟ್ ಮಾಡಿಸುತ್ತೇವೆ. ಅದೇ ಮನೆಯನ್ನು ಮುಂದಿನ ಸೆಮಿಸ್ಟರಿಗೂ ಒಯ್ಯಿರಿ. ಅದಕ್ಕೇ ಟೆಂಡರ್ ಕರೆಯಿಸಿ, ಅದಕ್ಕೇ ವೇಳಾಪಟ್ಟಿ ಹಾಕಿಸಿ, ಅದರದ್ದೇ ಬಿಲ್ ಬರೆಸಿ. ಒಂದೇ ಕಟ್ಟಡ ನಾಲ್ಕು ಸೆಮಿಸ್ಟರ್ ಕಣ್ಣೆದುರು ಇದ್ದರೆ ಮಕ್ಕಳು ಅದರ ಮಾಲೀಕರಂತೆ ಯೋಚಿಸತೊಡಗುತ್ತಾರೆ.

ಒಂದೇ ಒಂದು ಪಾಠ ಕಲಿಸಲು ಸಮಯ ಇದ್ದರೆ ಯಾವುದನ್ನು ಕಲಿಸುತ್ತೀರಿ?

ದುಡ್ಡು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂಬ ಲೆಕ್ಕ. ಪುಸ್ತಕದಲ್ಲಿ ಅದಕ್ಕೆ ಕ್ಯಾಶ್ ಫ್ಲೋ ಎಂದು ಹೆಸರು. ನಾನು ಬೋರ್ಡಿನ ಮೇಲೆ ಮಾಡಿಸುವ ಲೆಕ್ಕ ಹೀಗಿದೆ. ಪೆನ್ನು ಹಿಡಿದು ಜೊತೆಗೇ ಮಾಡಿ.

₹30 ಲಕ್ಷದ ಕೆಲಸ, ಆರು ತಿಂಗಳು, ತಿಂಗಳಿಗೆ ₹5 ಲಕ್ಷದ ಕೆಲಸ ಮುಗಿಯುತ್ತದೆ. ಖರ್ಚು ತಿಂಗಳಿಗೆ ₹4.5 ಲಕ್ಷ, ಅದನ್ನು ತಿಂಗಳ ಶುರುವಿಗೇ ಹಾಕಬೇಕು. ಅಂದರೆ ಲಾಭ ಒಟ್ಟು ₹3 ಲಕ್ಷ. ತಿಂಗಳ ಕೊನೆಗೆ ಬಿಲ್ ಕೊಡುತ್ತೀರಿ, ಅದು ಪಾಸಾಗಿ ದುಡ್ಡು ಬರಲು ಎರಡು ತಿಂಗಳು. ಪ್ರತಿ ಬಿಲ್ಲಿನಲ್ಲಿ ನೂರಕ್ಕೆ ಐದು ರೂಪಾಯಿ ಹಿಡಿದುಕೊಳ್ಳುತ್ತಾರೆ, ಹಾಗಾಗಿ ಕೈಗೆ ಬರುವುದು ₹4.75 ಲಕ್ಷ. ತೆರಿಗೆಯನ್ನು ಸದ್ಯ ಪಕ್ಕಕ್ಕಿಡೋಣ.

ಮೊದಲ ತಿಂಗಳು ನಿಮ್ಮ ಕೈಯಿಂದ ₹4.5 ಲಕ್ಷ ಹೋಯಿತು. ಎರಡನೇ ತಿಂಗಳಿಗೆ ₹9 ಲಕ್ಷ. ಮೂರನೇ ತಿಂಗಳಿಗೆ ₹13.5 ಲಕ್ಷ, ಇನ್ನೂ ಒಂದು ರೂಪಾಯಿಯೂ ಬಂದಿಲ್ಲ. ಆ ತಿಂಗಳ ಕೊನೆಗೆ ಮೊದಲ ಬಿಲ್ಲಿನ ದುಡ್ಡು ಬಂದು ಬಾಕಿ ₹8.75 ಲಕ್ಷಕ್ಕೆ ಇಳಿಯುತ್ತದೆ, ಮರುದಿನವೇ ನಾಲ್ಕನೇ ತಿಂಗಳ ಖರ್ಚು ಸೇರಿ ಮತ್ತೆ ₹13.25 ಲಕ್ಷ. ಐದನೇ ತಿಂಗಳು ₹13 ಲಕ್ಷ, ಆರನೆಯದು ₹12.75 ಲಕ್ಷ, ಏಳು ₹8 ಲಕ್ಷ, ಎಂಟು ₹3.25 ಲಕ್ಷ. ಎಂಟನೇ ತಿಂಗಳ ಕೊನೆಯ ಬಿಲ್ ಬಂದಮೇಲೆ ನಿಮ್ಮ ಕೈಯಲ್ಲಿ ಉಳಿಯುವುದು ₹1.5 ಲಕ್ಷ. ಲಾಭದ ಇನ್ನರ್ಧ ಹಿಡಿದಿಟ್ಟ ಹಣದಲ್ಲಿದೆ, ಅದು ದೋಷ ಸರಿಪಡಿಸುವ ಅವಧಿ ಮುಗಿದ ಮೇಲೆ ಬರಬೇಕು.

ಈಗ ಈ ದುಡ್ಡನ್ನೆಲ್ಲ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಗೆ ಕೈಸಾಲ ತಂದಿದ್ದೀರಿ ಎಂದುಕೊಳ್ಳಿ. ಎಂಟು ತಿಂಗಳ ಬಾಕಿಗಳನ್ನು ಕೂಡಿಸಿದರೆ 77.25 ಲಕ್ಷ. ಅದರ ನೂರರಲ್ಲಿ ಎರಡು ಅಂದರೆ ₹1,54,500 ಬಡ್ಡಿ. ಕೈಯಲ್ಲಿ ಉಳಿದದ್ದು ₹1,50,000. ಆರು ತಿಂಗಳು ಬಿಸಿಲಲ್ಲಿ ನಿಂತು ಕೆಲಸ ಮುಗಿಸಿದವನು ₹4,500 ಕೈಯಿಂದ ಹಾಕಬೇಕು. ಎಸ್ಟಿಮೇಟ್ ಸರಿ ಇತ್ತು, ಕೆಲಸ ಸರಿ ಇತ್ತು, ನೂರಕ್ಕೆ ಹತ್ತು ಲಾಭವೂ ಕಾಗದದ ಮೇಲೆ ಸರಿಯಾಗೇ ಇತ್ತು.

ಈ ಕೊನೆಯ ಸಾಲು ಬರೆದಾಗ ಹಿಂದಿನ ಬೆಂಚಿನವರೂ ಪುಸ್ತಕ ತೆಗೆಯುತ್ತಾರೆ. ಆಗ ಮುಂದಿನ ಪ್ರಶ್ನೆ ಹಾಕುತ್ತೇನೆ: ಬಿಲ್ ಒಂದೇ ತಿಂಗಳಿಗೆ ಪಾಸಾದರೆ? ಬಡ್ಡಿ ₹1,00,500ಕ್ಕೆ ಇಳಿಯುತ್ತದೆ, ಬೇಕಾಗುವ ಬಂಡವಾಳವೂ ₹13.5 ಲಕ್ಷದಿಂದ ₹9 ಲಕ್ಷಕ್ಕೆ ಇಳಿಯುತ್ತದೆ. ಅಂದರೆ ಅಳತೆಯನ್ನು ಅದೇ ವಾರ ಬರೆಸಿ, ತಕರಾರಿಲ್ಲದ ಬಿಲ್ ಕೊಡುವ ಸೈಟ್ ಎಂಜಿನಿಯರ್ ತನ್ನ ಕಂಪನಿಗೆ ಈ ಒಂದು ಸಣ್ಣ ಕೆಲಸದಲ್ಲೇ ₹54,000 ಉಳಿಸಿದ. ಅವನಿಗೆ ಅದು ಗೊತ್ತಿರಬೇಕು.

ಟೆಂಡರ್ ಮತ್ತು ಕರಾರು ವಕೀಲರಿಗೆ ಬಿಟ್ಟ ವಿಷಯವಲ್ಲವೇ?

ಜಗಳ ಆದಮೇಲೆ ವಕೀಲರು ಬರುತ್ತಾರೆ. ಜಗಳಕ್ಕೆ ಬೇಕಾದ ಕಾಗದಗಳನ್ನು ಸೃಷ್ಟಿಸುವವನು, ಅಥವಾ ಸೃಷ್ಟಿಸದೆ ಬಿಡುವವನು, ಸೈಟಿನಲ್ಲಿರುವ ಇಪ್ಪತ್ತಮೂರರ ಹುಡುಗ.

ನಾನೇ ಆ ಹುಡುಗನಾಗಿದ್ದೆ. ತಳಪಾಯ ಅಗೆಯುವಾಗ ಒಂದು ಕಡೆ ಮಣ್ಣು ಮೆತ್ತಗಿತ್ತು. ನೋಡಲು ಬಂದ ಮೇಲಧಿಕಾರಿ "ಇನ್ನೊಂದು ಮೀಟರ್ ಇಳಿಸ್ರಿ, ಬಿಲ್ಲಲ್ಲಿ ನೋಡ್ಕೊಳ್ಳೋಣ" ಅಂದರು. ಇಳಿಸಿದೆ, ಸೈಜುಗಲ್ಲು ಕಟ್ಟಿಸಿದೆ, ಮುಚ್ಚಿಸಿದೆ. ಬಿಲ್ ಬರುವ ಹೊತ್ತಿಗೆ ಆ ಅಧಿಕಾರಿ ವರ್ಗವಾಗಿದ್ದರು. ಹೊಸದಾಗಿ ಬಂದವರು ಲಿಖಿತ ಆದೇಶ ಎಲ್ಲಿ ಎಂದು ಕೇಳಿದರು. ಮಣ್ಣಿನೊಳಗೆ ಹೋದ ಕಲ್ಲಿಗೆ ಸಾಕ್ಷಿ ಯಾರು? ಒಂದು ಕಾಗದ, ನಾಲ್ಕು ಸಾಲು, ಅವತ್ತೇ ಬರೆದು ಸಹಿ ಹಾಕಿಸಿಕೊಂಡಿದ್ದರೆ ಆ ದುಡ್ಡು ಬರುತ್ತಿತ್ತು.

ಅದಕ್ಕೇ ತರಗತಿಯಲ್ಲಿ ನಿಜವಾದ ಟೆಂಡರ್ ದಾಖಲೆಯನ್ನೇ ಓದಿಸುತ್ತೇನೆ. ಕರ್ನಾಟಕದಲ್ಲಿ ಸರ್ಕಾರಿ ಖರೀದಿಗೆ 1999ರ ಪಾರದರ್ಶಕತೆ ಕಾಯ್ದೆ ಇದೆ, ಕಾಮಗಾರಿಗಳಿಗೆ ಕೆಡಬ್ಲ್ಯು-4 ಮುಂತಾದ ಮಾದರಿ ದಾಖಲೆಗಳಿವೆ, ಟೆಂಡರುಗಳು ಸರ್ಕಾರದ ಖರೀದಿ ಪೋರ್ಟಲಿನಲ್ಲೇ ಸಿಗುತ್ತವೆ. ಒಂದೊಂದು ಬೆಂಚಿಗೆ ಒಂದೊಂದು ಪ್ರತಿ. ಇಎಂಡಿ, ಅಂದರೆ ಟೆಂಡರ್ ಹಾಕುವಾಗ ಇಡುವ ಠೇವಣಿ, ಎಷ್ಟು, ತಡವಾದರೆ ದಂಡ ಎಷ್ಟು, ಜಾಗ ತಡವಾಗಿ ಕೊಟ್ಟರೆ ಯಾರ ಹೊಣೆ, ಸಾಮಾನಿನ ದರ ಏರಿದರೆ ಏನು, ಪಟ್ಟಿಯಲ್ಲಿಲ್ಲದ ಕೆಲಸ ಮಾಡಿಸಿದರೆ ರೇಟು ಯಾರು ಗೊತ್ತುಮಾಡುತ್ತಾರೆ: ಇವಿಷ್ಟನ್ನು ಹುಡುಕಿ, ಷರತ್ತಿನ ಸಂಖ್ಯೆ ಸಮೇತ ಬರೆಯಬೇಕು. ಇದರ ಹಿಂದೆ 1872ರ ಕರಾರು ಕಾಯ್ದೆ ನಿಂತಿದೆ. ಅದರ 73 ಮತ್ತು 74ನೇ ಕಲಮುಗಳನ್ನು, ಅಂದರೆ ಕರಾರು ಮುರಿದರೆ ಸಿಗುವ ಪರಿಹಾರದ ಮಾತನ್ನು, ಕುಳಿತು ನಿಧಾನವಾಗಿ ಓದುತ್ತೇವೆ. ಆಮೇಲೆ ಪತ್ರ ಬರೆಸುತ್ತೇನೆ. "ಜಾಗ ಕೊಟ್ಟಿಲ್ಲ, ಹದಿನೇಳು ದಿನ ಯಂತ್ರ ಸುಮ್ಮನೆ ನಿಂತಿದೆ" ಎಂಬುದನ್ನು ಸಿಟ್ಟಿಲ್ಲದೆ, ದಿನಾಂಕ ತಪ್ಪದೆ, ಅರ್ಧ ಪುಟದಲ್ಲಿ, ಕನ್ನಡದಲ್ಲೊಮ್ಮೆ ಇಂಗ್ಲಿಷಿನಲ್ಲೊಮ್ಮೆ. ಒಳ್ಳೆಯ ಅಂಕ ತೆಗೆಯುವ ಮಕ್ಕಳೂ ಇಲ್ಲಿ ತಡವರಿಸುತ್ತಾರೆ. ಮೂರನೇ ಪತ್ರದ ಹೊತ್ತಿಗೆ ಕೈ ಕುದುರುತ್ತದೆ.

ಖಾಸಗಿ ಬಿಲ್ಡರುಗಳ ಕಡೆ ಹೋಗುವವರಿಗೆ 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ಕಾಯ್ದೆಯ ಎರಡು ಸಂಗತಿಯಾದರೂ ತಿಳಿದಿರಲಿ. ಫ್ಲ್ಯಾಟ್ ಕೊಳ್ಳುವವರಿಂದ ಬಂದ ಹಣದಲ್ಲಿ ಶೇ 70ನ್ನು ಪ್ರತ್ಯೇಕ ಖಾತೆಯಲ್ಲಿಡಬೇಕು, ಅದನ್ನು ಆ ಯೋಜನೆಯ ನಿರ್ಮಾಣಕ್ಕೂ ಜಾಗದ ವೆಚ್ಚಕ್ಕೂ ಮಾತ್ರ ಬಳಸಬೇಕು. ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದವರೆಗೆ ಬಿಲ್ಡರೇ ಸರಿಪಡಿಸಬೇಕು.

ಜಿಎಸ್‌ಟಿ, ಟಿಡಿಎಸ್ ಎಲ್ಲ ಕಲಿಸಬೇಕೇ?

ಲೆಕ್ಕಪರಿಶೋಧಕರಷ್ಟು ಬೇಡ. ಬಿಲ್ಲಿನ ಮೊತ್ತಕ್ಕೂ ಬ್ಯಾಂಕಿಗೆ ಬಂದ ಮೊತ್ತಕ್ಕೂ ಇರುವ ವ್ಯತ್ಯಾಸವನ್ನು ಬಿಡಿಸಿ ಹೇಳುವಷ್ಟು ಬೇಕು. ಕಾಮಗಾರಿ ಗುತ್ತಿಗೆಗೆ ಸಾಮಾನ್ಯವಾಗಿ ಶೇ 18 ಜಿಎಸ್‌ಟಿ. ಆದಾಯ ತೆರಿಗೆಗೆ ಮೂಲದಲ್ಲೇ ವ್ಯಕ್ತಿಗಳಿಗೆ ಶೇ 1, ಕಂಪನಿಗಳಿಗೆ ಶೇ 2 ಕಡಿತ, ಇದೇ ಟಿಡಿಎಸ್. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಶೇ 1 ಸೆಸ್. ನಾನು ಕೇಳುವ ಪ್ರಶ್ನೆ ಒಂದಿದೆ: 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಅದಕ್ಕೂ ಮೊದಲು ಒಪ್ಪಿದ ಕರಾರಿನಲ್ಲಿ ಈ ಉಳಿತಾಯ ಯಾರದ್ದು? ಉತ್ತರ ಕರಾರಿನ ಷರತ್ತಿನಲ್ಲಿದೆ, ಹುಡುಕಲಿ.

ಜನರನ್ನು ನಡೆಸುವುದನ್ನು ತರಗತಿಯಲ್ಲಿ ಕಲಿಸಲು ಆಗುತ್ತದೆಯೇ?

ಪೂರ್ತಿ ಆಗುವುದಿಲ್ಲ. ಆದರೆ ಏನನ್ನು ಗಮನಿಸಬೇಕು ಎಂದು ತೋರಿಸಿಕೊಡಬಹುದು.

ನನ್ನ ಮೊದಲ ಸೈಟಿನಲ್ಲಿ ಶನಿವಾರ ಸಂಜೆ ಬಟವಾಡೆ. ಮರುದಿನ ಸಂತೆ. ಒಂದು ಶನಿವಾರ ಹೆಡ್ ಆಫೀಸಿನಿಂದ ಅರ್ಧ ದುಡ್ಡು ಮಾತ್ರ ಬಂತು. ಬೆಳಗ್ಗೆ ಹತ್ತಕ್ಕೇ ನನಗೆ ಗೊತ್ತಿತ್ತು. ಹೇಳಲು ಧೈರ್ಯ ಸಾಲದೆ ಸಂಜೆ ಆರರವರೆಗೆ ಶೆಡ್ಡಿನೊಳಗೆ ಬಾರ್ ಬೆಂಡಿಂಗ್ ಪಟ್ಟಿ ನೋಡುತ್ತಾ ಕೂತೆ. ಗಾರೆ ಮೇಸ್ತ್ರಿ ಯಾದಗಿರಿ ಕಡೆಯವರು, ನನ್ನ ಅಪ್ಪನ ವಯಸ್ಸು. ಸಿಟ್ಟು ಮಾಡಲಿಲ್ಲ. "ಸಾರ್, ಬೆಳಿಗ್ಗೇನೇ ಹೇಳಿದ್ರ ಅಂಗಡಿಯವಗ ಒಂದು ಮಾತು ಹೇಳಿ ಇಟ್ಟಿರ್ತಿದ್ದೆ. ಈಗ ಹೇಳಿದ್ರ ಈ ಹೆಣ್ಮಕ್ಕಳು ಸಂತಿಗಿ ಏನ್ ಒಯ್ಯಬೇಕ್ರಿ?" ಎಂದರು. ಸೋಮವಾರ ಅರ್ಧ ಜನ ಬರಲಿಲ್ಲ, ಮಂಗಳವಾರ ಹಾಕಬೇಕಿದ್ದ ಮೋಲ್ಡ್, ಅಂದರೆ ಚಾವಣಿಯ ಕಾಂಕ್ರೀಟ್, ಶುಕ್ರವಾರಕ್ಕೆ ಹೋಯಿತು.

ಇದನ್ನು ಮಕ್ಕಳಿಗೆ ಇದ್ದದ್ದು ಇದ್ದಂತೆ ಹೇಳುತ್ತೇನೆ. ಆಮೇಲೆ ಬೆಳಗ್ಗೆ ಹತ್ತು ಗಂಟೆಗೆ ನೀವಾಗಿದ್ದರೆ ಯಾರಿಗೆ ಮೊದಲು ಹೇಳುತ್ತಿದ್ದಿರಿ, ಇದ್ದ ಅರ್ಧ ದುಡ್ಡನ್ನು ಹೇಗೆ ಹಂಚುತ್ತಿದ್ದಿರಿ ಎಂದು ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ ಮಾತಾಡಿಸುತ್ತೇನೆ. ಒಬ್ಬ ಎಂಜಿನಿಯರ್, ಇನ್ನೊಬ್ಬ ಮೇಸ್ತ್ರಿ. ಮೇಸ್ತ್ರಿಯ ಮಗನೋ ಮಗಳೋ ತರಗತಿಯಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ. ಅವತ್ತು ಅವರ ಮಾತಿಗೆ ಇರುವ ತೂಕ ಬೇರೆ. ಕಾರ್ಮಿಕ ಮಂಡಳಿಯ ಗುರುತಿನ ಚೀಟಿ ಮಾಡಿಸುವ ಅರ್ಜಿಯನ್ನೂ ತುಂಬಿಸುತ್ತೇನೆ. 18ರಿಂದ 60 ವರ್ಷದೊಳಗಿನವರು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ನೋಂದಾಯಿಸಬಹುದು. ಆ 90 ದಿನದ ಪ್ರಮಾಣಪತ್ರಕ್ಕಾಗಿ ಅವರು ನಾಳೆ ನಿಮ್ಮ ಬಳಿಗೇ ಬರುತ್ತಾರೆ.

ಬೇರೆ ಕಡೆ ಹುಡುಕದೆ, ಈಗಿರುವ ಚಟುವಟಿಕೆಯಲ್ಲೇ ಇದನ್ನು ಕಲಿಸುವ ದಾರಿ ಇದೆಯೇ?

ಸರ್ವೆ ಕ್ಯಾಂಪ್! ಹೊಸ ಕೆರೆ, ಹಳೆ ಕೆರೆ ದುರಸ್ತಿ, ರಸ್ತೆ, ಕುಡಿಯುವ ನೀರು ಎಂದು ಹಳ್ಳಿಯಲ್ಲಿ ಕೂತು ಮಾಡುವ ಎಕ್ಸ್‌ಟೆನ್ಸಿವ್ ಸರ್ವೆಯನ್ನು ನಮ್ಮ ಹೆಚ್ಚಿನ ಕಾಲೇಜುಗಳಲ್ಲಿ ಮೇಷ್ಟ್ರುಗಳೇ ನಡೆಸಿಕೊಡುತ್ತಾರೆ. ಒಂದು ವರ್ಷ ನಾವು ಪೂರ್ತಿ ಮಕ್ಕಳ ಕೈಗೆ ಕೊಟ್ಟೆವು. ಅಡುಗೆ, ಜೀಪು, ಉಪಕರಣ, ಪಂಚಾಯಿತಿಯ ಅನುಮತಿ, ದುಡ್ಡು, ಎಲ್ಲ ಅವರದೇ. ಮೂರನೇ ದಿನಕ್ಕೇ ಅಕ್ಕಿ ಮುಗಿಯಿತು. ಲೆಕ್ಕ ಹಾಕಿದವಳು 42 ವಿದ್ಯಾರ್ಥಿಗಳನ್ನು ಎಣಿಸಿದ್ದಳು. ಅಡುಗೆಯವರು, ಡ್ರೈವರ್, ನಾವು ಮೇಷ್ಟ್ರುಗಳು, ಮಧ್ಯಾಹ್ನ ಸರ್ವೆ ಕೋಲು ಹಿಡಿಯಲು ಬಂದ ಊರ ಹುಡುಗರು ಅವಳ ಪಟ್ಟಿಯಲ್ಲಿ ಇರಲಿಲ್ಲ. ಅವಳೇ ಊರಿನ ಅಂಗಡಿಗೆ ಹೋಗಿ ಸಾಲ ಹೇಳಿ ಬಂದಳು.

ನಾಲ್ಕನೇ ದಿನ ಇನ್ನೊಬ್ಬ ಜೀಪಿನ ಹಾಳೆ ತಂದು ತೋರಿಸಿದ. ದಿನಬಾಡಿಗೆಯ ಜೀಪು ಬೆಳಗ್ಗೆ ರಸ್ತೆ ತಂಡವನ್ನು ಬಿಟ್ಟು, ಕೆರೆ ತಂಡ ಹೊರಡುವವರೆಗೆ ನಾಲ್ಕು ತಾಸು ಹುಣಸೆಮರದ ಕೆಳಗೆ ನಿಂತಿರುತ್ತಿತ್ತು. ಆ ನಾಲ್ಕು ತಾಸಿನಲ್ಲಿ ನೀರಿನ ತಂಡವನ್ನು ಒಯ್ದು ಬಿಡುವಂತೆ ವೇಳೆ ಬದಲಿಸಿದ. ಸಿಪಿಎಂ ಎಂಬ ವೇಳಾಪಟ್ಟಿ ವಿಧಾನ 1957ರ ಸುಮಾರಿಗೆ ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ಹುಟ್ಟಿತು ಎಂದು ಅವನು ಅದಾಗಲೇ ಪರೀಕ್ಷೆಯಲ್ಲಿ ಬರೆದಿದ್ದ. ಅದು ಯಾತಕ್ಕೆ ಎಂದು ತಿಳಿದದ್ದು ಹುಣಸೆಮರದ ಕೆಳಗೆ.

ಪ್ರಿಮಾವೆರಾ, ಎಂಎಸ್ ಪ್ರಾಜೆಕ್ಟ್ ಕಲಿತರೆ ಸಾಕೇ?

ವೇಳಾಪಟ್ಟಿ ಹಾಕುವ ಈ ತಂತ್ರಾಂಶಗಳನ್ನು ಕಲಿಯಿರಿ, ಕೆಲಸ ಸಿಗಲು ಅನುಕೂಲ. ಆದರೆ ಪ್ಲಾಸ್ಟರಿಂಗ್‌ಗೆ ಎಷ್ಟು ದಿನ ಎಂದು ತಂತ್ರಾಂಶ ನಿಮ್ಮನ್ನೇ ಕೇಳುತ್ತದೆ. ಒಬ್ಬ ಗಾರೆಯವ ದಿನಕ್ಕೆ ಎಷ್ಟು ಗೋಡೆಗೆ ಗಿಲಾವು ಮಾಡುತ್ತಾನೆ ಎಂದು ನಿಂತು ಅಳೆದವರು ಮಾತ್ರ ಅದಕ್ಕೆ ಉತ್ತರ ಕೊಡಬಲ್ಲರು.

ನಾನು ಸರ್ಕಾರಿ ಕೆಲಸಕ್ಕೆ ಹೋಗುವವನು. ನನಗೂ ಬೇಕೇ?

ನಿಮಗೇ ಹೆಚ್ಚು ಬೇಕು. ಟೆಂಡರ್ ದಾಖಲೆ ಬರೆಯುವವರು, ಮುಗಿದ ಕೆಲಸವನ್ನು ಅಳೆದು ಬರೆದಿಡುವ ಅಳತೆ ಪುಸ್ತಕ ತುಂಬುವವರು, ಬಿಲ್ ತಡೆಯುವವರು ಅಥವಾ ಕಳಿಸುವವರು ನೀವು. ಮೇಲಿನ ಲೆಕ್ಕದ ಆ ಎರಡು ತಿಂಗಳು ನಿಮ್ಮ ಮೇಜಿನ ಮೇಲೆ ಕಳೆಯುತ್ತವೆ. ಕೊಂಕಣ ರೈಲ್ವೆಯನ್ನು ನೆನಪಿಸಿಕೊಳ್ಳಿ. ಉಡುಪಿ, ಕಾರವಾರದ ಜನ ಇವತ್ತು ಓಡಾಡುವ ಆ ದಾರಿಗೆ ರೈಲ್ವೆ ಬಜೆಟ್ಟಿನ ಹಣ ಸಾಲುತ್ತಿರಲಿಲ್ಲ. 1990ರಲ್ಲಿ ಪ್ರತ್ಯೇಕ ನಿಗಮ ಮಾಡಿ, ಕರ್ನಾಟಕವೂ ಸೇರಿ ನಾಲ್ಕು ರಾಜ್ಯಗಳಿಂದ ಷೇರು ಬಂಡವಾಳ ಹಾಕಿಸಿ, ಉಳಿದದ್ದಕ್ಕೆ ಬಾಂಡ್ ಹೊರಡಿಸಿ ಹಣ ಎತ್ತಿದರು. ಅದನ್ನು ಮುನ್ನಡೆಸಿದ ಇ. ಶ್ರೀಧರನ್ ರೈಲ್ವೆಯ ಸಿವಿಲ್ ಎಂಜಿನಿಯರ್, ಸರ್ಕಾರಿ ನೌಕರಿಯಲ್ಲೇ ಬೆಳೆದವರು.

ತರಗತಿಯಲ್ಲಿ ಲಂಚದ ಪ್ರಶ್ನೆ ಎದ್ದರೆ ಏನು ಹೇಳುತ್ತೀರಿ?

ಏಳುತ್ತದೆ, ಪ್ರತಿ ವರ್ಷ. "ಸಾರ್, ಇದೆಲ್ಲ ಸರಿ, ಪರ್ಸೆಂಟೇಜ್ ಲೆಕ್ಕ ಯಾವ ಕಾಲಮ್ಮಿನಲ್ಲಿ ಬರೆಯೋದು?" ಎಂದು ಯಾರಾದರೂ ಕೇಳುತ್ತಾರೆ, ಉಳಿದವರು ನಗುತ್ತಾರೆ. ನಾನು ಆ ಪ್ರಶ್ನೆಯನ್ನು ಹಾರಿಸುವುದಿಲ್ಲ. ಭ್ರಷ್ಟಾಚಾರ ತಡೆ ಕಾಯ್ದೆಗೆ ಆದ 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ನೇರ ಅಪರಾಧ, ಬಲವಂತಕ್ಕೆ ಕೊಟ್ಟವರು 7 ದಿನದೊಳಗೆ ತನಿಖೆ ಮಾಡುವವರಿಗೆ ತಿಳಿಸಿದರೆ ರಕ್ಷಣೆ ಇದೆ ಎಂದು ಮೊದಲು ಹೇಳುತ್ತೇನೆ. ಆಮೇಲೆ ಅಳತೆ ಪುಸ್ತಕ ತೋರಿಸುತ್ತೇನೆ. ಪುಟಗಳಿಗೆ ಅಚ್ಚಿನ ಸಂಖ್ಯೆ ಇರುತ್ತದೆ, ಒಂದು ಹಾಳೆಯನ್ನೂ ಹರಿಯುವಂತಿಲ್ಲ, ತಪ್ಪಾದರೆ ಅದರ ಮೇಲೆ ತಿದ್ದದೆ ಗೆರೆ ಎಳೆದು ಪಕ್ಕಕ್ಕೆ ಸಹಿ ಹಾಕಬೇಕು. ಇಷ್ಟು ಕಟ್ಟುನಿಟ್ಟು ಯಾಕೆ ಎಂದು ಅವರೇ ಯೋಚಿಸಲಿ. ಹಾಕದ ಜಲ್ಲಿಯನ್ನು ಆ ಪುಸ್ತಕದಲ್ಲಿ ಬರೆದರೆ ರಸ್ತೆ ಮೊದಲ ಮಳೆಗೇ ಕೀಳುತ್ತದೆ. ಅಲ್ಲಿ ಬಿದ್ದು ಕೈ ಮುರಿದುಕೊಳ್ಳುವವರು ನಮ್ಮ ಊರಿನವರೇ. ಒತ್ತಡ ಬರುವುದು ನಿಜ, ಬಂದಾಗ ಒಬ್ಬನೇ ನಿಲ್ಲುವುದು ಕಷ್ಟ ಎಂಬುದೂ ನಿಜ. ಅದಕ್ಕೇ ಸರಿಯಾದ ದಾಖಲೆ ಇಡುವುದನ್ನು ಇಷ್ಟು ಒತ್ತಿ ಕಲಿಸುತ್ತೇನೆ.

ಸೈಟಿನ ಅನುಭವ ಇಲ್ಲದ ಮೇಷ್ಟ್ರುಗಳು ಏನು ಮಾಡಬೇಕು?

ಇದ್ದವರನ್ನು ಕರೆತನ್ನಿ. ವೃತ್ತಿಯಲ್ಲಿರುವವರಿಗೆ ಪಿಎಚ್‌ಡಿ ಇಲ್ಲದಿದ್ದರೂ ಪಾಠಕ್ಕೆ ನೇಮಿಸಿಕೊಳ್ಳಲು ಯುಜಿಸಿ 2022ರಲ್ಲಿ ಪ್ರೊಫೆಸರ್ ಆಫ್ ಪ್ರಾಕ್ಟೀಸ್ ಎಂಬ ದಾರಿ ಮಾಡಿದೆ. ಅಷ್ಟು ದೂರವೂ ಬೇಡ. ನಿವೃತ್ತ ಎಇಇ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್) ಒಬ್ಬರು, ಸಣ್ಣ ಗುತ್ತಿಗೆದಾರರೊಬ್ಬರು, ಬ್ಯಾಂಕಿನಲ್ಲಿ ಸಾಲ ಮಂಜೂರು ಮಾಡುವವರೊಬ್ಬರು ಸೆಮಿಸ್ಟರಿಗೆ ಒಂದೊಂದು ದಿನ ಬಂದರೆ ಸಾಕು. ಭಾಷಣ ಮಾಡಿಸಬೇಡಿ. ಹಳೆಯ ಬಿಲ್ ಒಂದನ್ನು ತಂದು, ಹೆಸರು ಮರೆಮಾಡಿ, ಸಾಲುಸಾಲಾಗಿ ಬಿಡಿಸಿ ಹೇಳಲಿ. ಮೇಷ್ಟ್ರುಗಳೂ ಹಿಂದೆ ಕೂತು ಬರೆದುಕೊಳ್ಳೋಣ.

ಬಿಇ ಆದಮೇಲೆ ಎಂಬಿಎ ಮಾಡಿದರೆ ಇದೆಲ್ಲ ಬರುವುದಿಲ್ಲವೇ?

ಬರಬಹುದು. ಆದರೆ ಎರಡು ವರ್ಷವಾದರೂ ಸೈಟಿನಲ್ಲಿದ್ದು ಹೋಗಿ, ಆಗ ಅಲ್ಲಿ ಕೇಳಲು ನಿಮ್ಮ ಬಳಿ ಪ್ರಶ್ನೆಗಳಿರುತ್ತವೆ. ಮನೆಯಲ್ಲಿ ಸಾಲ ಇದ್ದರೆ ಇನ್ನೊಂದು ಸಾಲ ಮಾಡಿ ಹೋಗುವ ಅವಸರ ಬೇಡ.

ಮಗಳು ಸ್ವಂತ ಗುತ್ತಿಗೆ ಮಾಡುತ್ತೇನೆ ಅನ್ನುತ್ತಿದ್ದಾಳೆ. ಬಿಡಬಹುದೇ?

ಬಿಡಿ. ಅವಳಿಗೆ ಮೊದಲ ಕೆಲಸಕ್ಕೆ ಬೇಕಾದ ಬಂಡವಾಳದ ಹಾಳೆಯನ್ನು ಬರೆದು ತೋರಿಸು ಎನ್ನಿ, ಮೇಲೆ ಮಾಡಿದ ಲೆಕ್ಕದ ಹಾಗೆ ತಿಂಗಳು ತಿಂಗಳು. ಮಗ ಕೇಳಿದ್ದರೂ ಅದನ್ನೇ ಕೇಳಬೇಕಿತ್ತು. ಸೈಟಿನಲ್ಲಿ ಶೌಚಾಲಯ, ಸಂಜೆ ವಾಪಸ್ ಬರುವ ವ್ಯವಸ್ಥೆ ಎಂಬ ನಿಮ್ಮ ಚಿಂತೆ ನ್ಯಾಯವಾದದ್ದು. ಅವಳ ಸೈಟಿನಲ್ಲಿ ಕಲ್ಲು ಹೊರುವ ಹೆಂಗಸರಿಗೂ ಅದೇ ಬೇಕು. ಅದಕ್ಕೆ ತಗಲುವ ದುಡ್ಡನ್ನು ಎಸ್ಟಿಮೇಟಿನಲ್ಲೇ ಹಿಡಿದಿದ್ದಾಳೆಯೇ ನೋಡಿ.

ಕಾಲೇಜಿನಲ್ಲಿ ಯಾರೂ ಕಲಿಸುತ್ತಿಲ್ಲ. ನಾನೊಬ್ಬನೇ ಎಲ್ಲಿಂದ ಶುರು ಮಾಡಲಿ?

ನಿಮ್ಮ ಬೀದಿಯಲ್ಲಿ ಒಂದು ಮನೆ ಏಳುತ್ತಿರುತ್ತದೆ. ಮಾಲೀಕರನ್ನೂ ಮೇಸ್ತ್ರಿಯನ್ನೂ ಕೇಳಿಕೊಂಡು, ವಾರಕ್ಕೆರಡು ದಿನ ಹೋಗಿ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಎಷ್ಟು ಜನ ಬಂದರು, ಏನು ಕೆಲಸ ಆಯಿತು, ಯಾವ ಸಾಮಾನು ಬಂತು, ಏನಿಲ್ಲದೆ ಕೆಲಸ ನಿಂತಿತು ಎಂದು ಬರೆಯಿರಿ. ಸಿಮೆಂಟಿನ ದರ, ಎಂ-ಸ್ಯಾಂಡಿನ ಲೋಡಿನ ದರ, ಸೆಂಟ್ರಿಂಗ್ ಬಾಡಿಗೆ ಕೇಳಿ ತಿಳಿದುಕೊಳ್ಳಿ. ಮೊದಲ ತಿಂಗಳು ಪ್ರಶ್ನೆ ಕಡಿಮೆ, ನೋಡುವುದು ಹೆಚ್ಚು. ಮೋಲ್ಡ್ ಹಾಕುವ ದಿನ ಮಾತ್ರ ತಪ್ಪಿಸಬೇಡಿ. ಬೆಳಗ್ಗೆ ಆರಕ್ಕೇ ಅಲ್ಲಿರಿ, ಮಿಕ್ಸರ್ ಎಷ್ಟು ಗಂಟೆಗೆ ತಿರುಗಿತು, ಎಷ್ಟು ಗಂಟೆಗೆ ನಿಂತಿತು, ಊಟ ಯಾರು ತಂದರು ಎಂಬುದನ್ನೆಲ್ಲ ಬರೆದುಕೊಳ್ಳಿ.